ಗೋಳಗುಮ್ಮಟದಾಗ ಒದರಬ್ಯಾಡ್ರಿ, ಪಿಸುಮಾತಾಡಿ ನೋಡ್ರಿ

ಗೋಳಗುಮ್ಮಟಕ್ಕ ಹೋದವರು ಬಹುತೇಕ ಎಲ್ಲಾರೂ ಮಾಡೂದು ಒಂದ ಕೆಲಸ, ಮೂಲಿ ಮಿನಾರಿನ ಮೆಟ್ಟಲಾ ಹತ್ತಿ ತೇಕಕೋತ ಮ್ಯಾಲ ಹೋಗಿ ಗಂಟಲಾ ಹರಿಯೂಹಂಗ ಒದರೂದು. ಗುಮ್ಮಟ ಹೊಳ್ಳಿ ಒದರತೈತಿ, ಹುಡುಗರು ನಗತಾವ, ಮತ್ತೊಮ್ಮೆ ಒದರತಾವ, ಅಷ್ಟರಾಗ ಹಿಂದಿನ ಶಾಲಿ ಟ್ರಿಪ್ಪಿನ ಮಂದಿ ಬಂದು ಅವರೂ ಸುರು ಮಾಡತಾರ. ಆದ್ರ ಈ ಕಟ್ಟಡದಾಗ ಖರೇ ಆಶ್ಚರ್ಯ ಪಡೂ ವಿಷಯ ಒದರೂದ್ರಾಗ ಇಲ್ಲಾ. ಗ್ವಾಡಿಗೆ ಬಾಯಿ ಹಚ್ಚಿ ಮೆಲ್ಲಕ ಆಡಿದ ಮಾತು ಎದುರಿಗೆ ಸುಮಾರು 38 ಮೀಟರ್ ದೂರ ಕುಂತವರ ಕಿವಿಗೆ ಬಗಲಾಗ ಕುಂತು ಹೇಳಿದಂಗ ಮುಟ್ಟತೈತಲ್ಲಾ, ಅದರಾಗ ಐತಿ. ಒದರಿದ್ದು ಹೊಳ್ಳಿ ಬರೂದು ಒಂದು ಸಂಗತಿ, ಪಿಸುಮಾತು ಸುತ್ತ ಹರದು ಹೋಗೂದು ಪೂರಾ ಬ್ಯಾರೆ ಸಂಗತಿ, ನಾವು ಎರಡನ್ನೂ ಕೂಡಿಸಿ "ಗುಮ್ಮಟದ ಪ್ರತಿಧ್ವನಿ" ಅಂತ ಒಂದ ಹೆಸರಿಟ್ಟು ಬಿಟ್ಟೀವಿ.

ಈಚೆಗೆ ನಾನು ಇದರ ಬಗ್ಗೆ ಸಿಕ್ಕಿದ್ದೆಲ್ಲಾ ಓದಾಕತ್ತೀನಿ. ಓದಕೋತ ಹೋದಂಗ ಒಂದು ದಾರಿ ಕಾಣಸ್ತು, ಲಂಡನ್ನಿನ ಒಂದು ಚರ್ಚಿನಿಂದ ಸುರು ಆಗಿ, ಸಿ.ವಿ. ರಾಮನ್ ಅವರ ಕೈಯಾಗ ಹಾದು, ನಮ್ಮ ವಿಜಯಪುರಕ್ಕ ಬಂದು, ಅಲ್ಲಿಂದ ಈಗಿನ ಲ್ಯಾಬಿನ್ಯಾಗ ಒಂದ ಒಂದು ವೈರಸ್ ಹಿಡಿಯೋ ಗಾಜಿನ ಗುಂಡಿನತನಕ ಹೋಗೋ ದಾರಿ. ನಮ್ಮ ಊರಾಗ ಇದ್ದೂ ಇದು ನಮ್ಮ ಹುಡುಗರಿಗೆ ಗೊತ್ತಿಲ್ಲಾ ಅನ್ನೂದು ನನಗ ಭಾಳ ಚುಚ್ಚತೈತಿ, ಅದಕ್ಕ ಇಷ್ಟು ಉದ್ದ ಬರಿಯಾಕತ್ತೀನಿ.

ಮೊದಲ ಕಟ್ಟಡದ ಮಾತು ಆಗಲಿ, ಯಾಕಂದ್ರ ಸಪ್ಪಳದ ಗುಟ್ಟು ಕಟ್ಟಡದಾಗ ಐತಿ. ಇದು ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಅವ 1627ರಾಗ ಪಟ್ಟಕ್ಕ ಬಂದಾವ, 1656ರಾಗ ತೀರಕೊಂಡಾವ. ಅವನ ಅಪ್ಪ ಎರಡನೇ ಇಬ್ರಾಹಿಂ ಸಂಗೀತದ ಹುಚ್ಚಿನ ಅರಸ, ತಾನ ಹಾಡು ಬರದು, ಸರಸ್ವತಿಯನ್ನ ನೆನಿಸಿ ಹಾಡು ಸುರು ಮಾಡಿದಾವ. ಮಗನ ಕಾಲಕ್ಕ ರಾಜಕೀಯ ಬ್ಯಾರೆ ಆಗಿತ್ತು. 1636ರಾಗ ಷಾಹಜಹಾನನ ಕೂಡ ಒಪ್ಪಂದ ಆತು, ಮೊಗಲರ ಮೇಲುಗೈ ಒಪ್ಪಕೊಂಡು ಉತ್ತರದ ಗಡಿ ಶಾಂತ ಮಾಡಕೊಂಡ್ರು, ಆಮ್ಯಾಲ ಬಿಜಾಪುರದ ದಂಡು ದಕ್ಷಿಣಕ್ಕ ತಿರುಗಿತು. 1638ರಾಗ ರಣದುಲ್ಲಾ ಖಾನ್ ಮತ್ತ ಶಹಾಜಿ ಭೋಸಲೆ ಹೋಗಿ ಬೆಂಗಳೂರು ತಗೊಂಡದ್ದು ಇದ ಕಾಲದಾಗ, ಮುಂದ ಹತ್ತು ವರ್ಷದಾಗ ತಮಿಳುನಾಡಿನ ಜಿಂಜಿತನಕ ಹೋದ್ರು. ಆಗ್ರಾದಾಗ ತಾಜಮಹಲ್ ಏಳಾಕತ್ತಿದ್ದ ಕಾಲಕ್ಕ ಇಲ್ಲಿ ಇಷ್ಟು ದೊಡ್ಡ ಕಟ್ಟಡ ಎದ್ದಿದ್ದರ ಹಿಂದ ಈ ದಂಡಯಾತ್ರೆಗಳು ಅದಾವ. ಆದ್ರ ಆ ರೊಕ್ಕ, ಆ ಶಾಂತಿ ಭಾಳ ದಿನಾ ಉಳಿಲಿಲ್ಲಾ, 1686ರಾಗ ಔರಂಗಜೇಬ ಬಂದು ರಾಜ್ಯಾನ ಮುಗಿಸಿದ.

ಕಟ್ಟಿದ ಶಿಲ್ಪಿ ದಾಬೋಲಿನ ಯಾಕೂತ್ ಅಂತ ಹೇಳತಾರ. ಅವನ ಮುಂದ ಇದ್ದ ಕಷ್ಟ ಏನಂದ್ರ, ಕೆಳಗ ಚೌಕ ಕ್ವಾಣಿ, ಒಳಗ ಒಂದೊಂದು ಬದಿ 41 ಮೀಟರ್, ನಡುವ ಒಂದ ಒಂದು ಕಂಬಾ ಇಲ್ಲಾ. ಮ್ಯಾಲ ಕುಂಡರಬೇಕಾದ್ದು ದುಂಡಗಿನ ಗುಮ್ಮಟ. ಚೌಕದ ಮ್ಯಾಲ ದುಂಡಗಿಂದು ಇಟ್ರ ನಾಲ್ಕೂ ಮೂಲಿ ಖಾಲಿ ಉಳಿತಾವ, ಅಲ್ಲಿ ಗುಮ್ಮಟಕ್ಕ ಆಧಾರ ಎಲ್ಲಿಂದ ತರೂದು? ಇಲ್ಲಿ ಮಾಡಿದ್ದು ಇದು: ಒಂದು ಚೌಕದ ಮ್ಯಾಲ ಇನ್ನೊಂದು ಚೌಕ ಓರೆ ತಿರುವಿ ಇಟ್ಟಂಗ ಕಮಾನು ಹಾಕಿದ್ರು, ಎಂಟು ದೊಡ್ಡ ಕಮಾನು ಒಂದಕ್ಕೊಂದು ಕತ್ತರಿಸಿ ಹಾಯತಾವ, ಕೆಳಗ ನಿಂತು ಕತ್ತ ಎತ್ತಿ ನೋಡಿದ್ರ ಎಂಟು ಮೂಲಿ ನಕ್ಷತ್ರ ಮೂಡಿದಂಗ ಕಾಣತೈತಿ. ಈ ಕಮಾನುಗಳು ಮ್ಯಾಲ ಹೋದಂಗ ಒಳಗ ಒಳಗ ಬಾಗಿ ಚೌಕವನ್ನ ದುಂಡಗ ಮಾಡತಾವ, ಅಷ್ಟ ಅಲ್ಲಾ, ಒಳಗ ಜೋತಬಿದ್ದ ಆ ಕಲ್ಲು ಗಾರೆಯ ಭಾರ, ಹೊರಗ ನೂಕೂ ಗುಮ್ಮಟದ ಒತ್ತಡವನ್ನ ಒಳಗ ಜಗ್ಗಿ ಹಿಡಿತೈತಿ. ಗುಮ್ಮಟ ಹೊರಗ ಬಿಚ್ಚಕೊಳ್ಳಾಕ ನೋಡತೈತಿ, ಕಮಾನು ಒಳಗ ಬೀಳಾಕ ನೋಡತಾವ, ಎರಡೂ ಒಂದನ್ನೊಂದು ತಡದು ಸುಮಾರು ಮುನ್ನೂರ ಎಪ್ಪತ್ತು ವರ್ಷ ಆತು ನಿಂತಾವ.

ಇದು ಕಣ್ಣಿಗೆ ಬೀಳಬೇಕಂದ್ರ ಬಾರಾ ಕಮಾನಿಗೆ ಹೋಗಬೇಕು. ಮೊಹಮ್ಮದನ ಮಗ ಎರಡನೇ ಅಲಿ ಆದಿಲ್ ಶಾಹ ತನಗ ಕಟ್ಟಿಸಾಕ ಸುರು ಮಾಡಿದ್ದ ಸಮಾಧಿ ಅದು, 1672ರಾಗ ಅವ ಸತ್ತ, ಕೆಲಸ ಅಲ್ಲೇ ನಿಂತಿತು, ಬರೇ ಕರಿ ಕಲ್ಲಿನ ಕಮಾನುಗಳು ಬಯಲಾಗ ನಿಂತಾವ. ಮುಗದ ಕಟ್ಟಡದಾಗ ಗ್ವಾಡಿ, ಗಿಲಾವು ಎಲ್ಲಾ ಮುಚ್ಚಿ ಬಿಡತಾವ, ಮುಗಿಲಾರದ ಕಟ್ಟಡದಾಗ ಮಾತ್ರ ಕಟ್ಟವರು ಯಾವದನ್ನ ಮೊದಲು ಎಬ್ಬಸ್ತಿದ್ರು ಅನ್ನೂದು ಕಾಣತೈತಿ, ಅದಕ್ಕ ನನಗ ಬಾರಾ ಕಮಾನು ಗೋಳಗುಮ್ಮಟದಷ್ಟ ಬೆಲೆಯದು ಅನಸತೈತಿ.

ಹಿಂಗ ಎಂಟು ಕಮಾನಿನ ಮ್ಯಾಲ ಒಳಗ ಚಾಚಿದ ಜಾಗಾ ಐತಲ್ಲಾ, ಅದ ಪಿಸುಮಾತಿನ ಗ್ಯಾಲರಿ. ಅಗಲ ಮೂರು ಮೀಟರಿಗಿಂತ ತುಸು ಹೆಚ್ಚು. ಗುಮ್ಮಟದ ಬುಡದಾಗ ತೆರದ ಎಂಟು ಬಾಗಲಾದಾಗ ಒಳಗ ಬಂದ್ರ ಬೆನ್ನ ಹಿಂದ ಗುಮ್ಮಟದ ಗ್ವಾಡಿ ಸುತ್ತಕೊಂಡು ಬರತೈತಿ, ಒಳಗಿನ ವ್ಯಾಸ ಸುಮಾರು 38 ಮೀಟರ್, ಗ್ವಾಡಿಯ ದಪ್ಪ ಬುಡದಾಗ ಮೂರು ಮೀಟರ್. ರೋಮಿನ ಪ್ಯಾಂಥಿಯನ್ ಗುಮ್ಮಟ 43 ಮೀಟರ್, ಇದಕ್ಕಿಂತ ಅಗಲ, ಆದ್ರ ಅದರ ಕೆಳಗಿನ ನೆಲಾ ದುಂಡಗ, ನಮ್ಮದು ಚೌಕ, ಹಿಂಗಾಗಿ ಮುಚ್ಚಿದ ನೆಲದ ಲೆಕ್ಕದಾಗ ನಮ್ಮದ ದೊಡ್ಡದು, ಸುಮಾರು 1700 ಚದರ ಮೀಟರ್. ಅಂದ್ರ ಗ್ಯಾಲರಿ ಆಗಲಿ ಅದರ ದುಂಡಗಿನ ಗ್ವಾಡಿ ಆಗಲಿ, ಚೌಕದ ಮ್ಯಾಲ ಗುಮ್ಮಟ ಕುಂಡರಸೂ ಕಷ್ಟಕ್ಕ ಸಿಕ್ಕ ಉತ್ತರ. ಸಪ್ಪಳ ಆ ಉತ್ತರದ ಬೆನ್ನ ಹತ್ತಿ ಬಂದಿದ್ದು.

ಈಗ ಒದರೂದರ ವಿಷಯ, ಇದು ಸರಳ ಐತಿ, ಲಗು ಮುಗಸತೀನಿ. ಸಪ್ಪಳ ಗಾಳಿಯೊಳಗ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತೈತಿ, ನಮ್ಮ ಮೇ ತಿಂಗಳ ಬಿಸಿಲಾಗ ಇನ್ನೊಂದು ಹತ್ತು ಹನ್ನೆರಡು ಮೀಟರ್ ಹೆಚ್ಚು. ಮೂಲ ಸಪ್ಪಳಕ್ಕೂ ಹೊಳ್ಳಿ ಬಂದ ಸಪ್ಪಳಕ್ಕೂ ನಡುವ ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ಅಂತರ ಇದ್ರ ಕಿವಿಗೆ ಎರಡೂ ಬ್ಯಾರೆ ಬ್ಯಾರೆ ಕೇಳತಾವ ಅಂತ ಹೈಸ್ಕೂಲಿನ್ಯಾಗ ಓದಿರತೀವಿ. ಗ್ಯಾಲರಿಯೊಳಗ ಒಂದು ಚಪ್ಪಾಳಿ ಹೊಡದ್ರ ಎದುರಿನ ಗ್ವಾಡಿಗೆ ಬಡದು ಹೊಳ್ಳಿ ಬರೂದು 76 ಮೀಟರ್, 0.22 ಸೆಕೆಂಡು. ಸ್ಪಷ್ಟ ಪ್ರತಿಧ್ವನಿ. ಅದು ಮತ್ತ ಹೋಗತೈತಿ, ಮತ್ತ ಬರತೈತಿ, ಸುಣ್ಣದ ಗಚ್ಚಿನ ಗಟ್ಟಿ ಮೈ ಸಪ್ಪಳವನ್ನ ಕುಡಿಯೂದು ಭಾಳ ಕಡಿಮಿ, ಪ್ರತಿ ಬಡತಕ್ಕ ತುಸು ತುಸು ಕಳಕೋತ ಏಳು, ಎಂಟು, ಹತ್ತು ಸಲಾ ಕೇಳಸಿ ಆಮ್ಯಾಲ ಮುಳಗತೈತಿ.

ಸಪ್ಪಳ ಒಂದು ಕ್ವಾಣಿಯೊಳಗ ಎಷ್ಟೊತ್ತು ಬದುಕತೈತಿ ಅನ್ನೂದರ ಲೆಕ್ಕ ಹಾಕಿಕೊಟ್ಟಾವ ಅಮೇರಿಕಾದ ವಾಲೇಸ್ ಸಬೈನ್. ಹಾರ್ವರ್ಡಿನ ಒಂದು ಹೊಸಾ ಉಪನ್ಯಾಸದ ಹಾಲಿನ್ಯಾಗ ಮಾತು ತಿಳಿವಲ್ದು ಅಂತ 1895ರ ಹೊತ್ತಿಗೆ ಇವರಿಗೆ ಕೆಲಸ ಹಚ್ಚಿದ್ರು. ಇವರು ರಾತ್ರಿ ರಾತ್ರಿ ಪಕ್ಕದ ಥಿಯೇಟರಿನ ಕುರ್ಚಿಯ ಮೆತ್ತೆಗಳನ್ನ ಹೊತ್ತಕೊಂಡು ಬಂದು, ಇಷ್ಟು ಮೆತ್ತೆ ಇಟ್ರ ಸಪ್ಪಳ ಎಷ್ಟೊತ್ತಿಗೆ ಸಾಯತೈತಿ ಅಂತ ಅಳದು, ಬೆಳಗಾಗೂದ್ರೊಳಗ ಹೊಳ್ಳಿ ಇಟ್ಟು ಬರತಿದ್ರು. ಸಿಕ್ಕ ನಿಯಮ ಇಷ್ಟ, ಕ್ವಾಣಿ ದೊಡ್ಡದಾದಷ್ಟೂ ಸಪ್ಪಳ ಭಾಳ ಹೊತ್ತು ಬದುಕತೈತಿ, ಸಪ್ಪಳ ಕುಡಿಯೂ ಬಟ್ಟಿ, ಮೆತ್ತೆ, ಮನಷ್ಯಾರ ಮೈ ಹೆಚ್ಚಾದಷ್ಟೂ ಲಗು ಸಾಯತೈತಿ. ಟೈಲ್ಸು, ಗಾಜು ತುಂಬಿದ ಮಂಗಲ ಕಾರ್ಯಾಲಯದಾಗ ಮೈಕಿನ ಮಾತು ಒಂದೂ ತಿಳಿಯಂಗಿಲ್ಲಲ್ಲಾ, ಕಾರಣ ಇದ. ಗೋಳಗುಮ್ಮಟದಂಥಾ ದೊಡ್ಡ ಖಾಲಿ ಜಾಗಾದಾಗ ಅರವತ್ತು ಹುಡುಗರು ಒಮ್ಮಿಗೇ ಒದರಿದ್ರ ಒಂದರ ಬಾಲಕ್ಕ ಇನ್ನೊಂದು ಕೂಡಿ ಬರೇ ಗದ್ದಲಾ ಉಳಿತೈತಿ, ಪ್ರತಿಧ್ವನಿ ಸುದ್ದಾ ಕೇಳಂಗಿಲ್ಲಾ.

ಪಿಸುಮಾತಿನ ಕತಿ ಇದಕ್ಕಿಂತ ಆಳ ಐತಿ, ಮತ್ತ ದೊಡ್ಡ ದೊಡ್ಡ ತಲಿಗಳಿಗೇ ಲಗು ಸಿಗಲಿಲ್ಲಾ. ಲಂಡನ್ನಿನ ದೊಡ್ಡ ಚರ್ಚು ಸೇಂಟ್ ಪಾಲ್ಸ್ ಕಥೀಡ್ರಲ್‌ದಾಗೂ ಗುಮ್ಮಟದ ಬುಡಕ್ಕ ಹಿಂಗ ಒಂದು ಗ್ಯಾಲರಿ ಐತಿ. ಹತ್ತೊಂಬತ್ತನೇ ಶತಮಾನದಾಗ ಅಲ್ಲಿನ ರಾಜಮನೆತನದ ಖಗೋಳಜ್ಞ ಜಾರ್ಜ್ ಏರಿ ಹೇಳಿದ್ದು, ಗುಮ್ಮಟ ಒಂದು ಕನ್ನಡಿಯಂಗ ಸಪ್ಪಳವನ್ನ ಎದುರಿನ ಬಿಂದುವಿನ್ಯಾಗ ಕೂಡಸತೈತಿ ಅಂತ. ಕೇಳಿದ್ರ ಸರಿ ಅನಸತೈತಿ, ಈಗೂ ಭಾಳ ಮಂದಿ ಹಿಂಗ ವಿವರಸತಾರ. ಆದ್ರ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ ಒಂದು ಮಾತು ಗಮನಿಸಿದ್ರು. ಪಿಸುಮಾತು ಎದುರಿನ ಬಿಂದುವಿನ್ಯಾಗಷ್ಟ ಅಲ್ಲಾ, ಗ್ಯಾಲರಿ ಉದ್ದಕ್ಕೂ ಕೇಳತೈತಿ. ಮತ್ತ ಮಾತಾಡಾವ ಯಾವ ಕಡೆ ಮಾರಿ ಮಾಡಿರತಾನೋ ಆ ಕಡಿಂದ ಸುತ್ತಿ ಬರತೈತಿ, ಆ ದಾರಿ ಉದ್ದ ಇದ್ರೂ ಚಿಂತಿಲ್ಲಾ. ಕನ್ನಡಿ ಲೆಕ್ಕದಾಗ ಇದು ಕೂಡಂಗಿಲ್ಲಾ. ಹಂಗಾದ್ರ ಸಪ್ಪಳ ನಡುವಿನ ಬಯಲು ದಾಟಿ ಬರಾಕತ್ತಿಲ್ಲಾ, ಗ್ವಾಡಿ ಹಿಡಕೊಂಡು ಸುತ್ತು ಹಾಕಿ ಬರಾಕತ್ತೈತಿ.

ಜಾತ್ರಿಯೊಳಗ ಸಾವಿನ ಬಾವಿ ನೋಡೀರಲ್ಲಾ, ಕಟ್ಟಿಗಿ ಹಲಗಿಯ ದುಂಡಗಿನ ಬಾವಿಯೊಳಗ ಮೋಟರ್‌ಸೈಕಲ್ ಗ್ವಾಡಿ ಮ್ಯಾಲ ಸುತ್ತತೈತಿ. ಬೈಕು ಪ್ರತಿ ಕ್ಷಣ ನೆಟ್ಟಗ ಹೊರಗ ಹೋಗಾಕ ನೋಡತೈತಿ, ಗ್ವಾಡಿ ಪ್ರತಿ ಕ್ಷಣ ತುಸು ಒಳಗ ತಿರುವತೈತಿ, ಹಿಂಗಾಗಿ ಅದು ಗ್ವಾಡಿ ಬಿಟ್ಟು ನಡುವಿಗೆ ಬರಾಕ ಆಗೂದ ಇಲ್ಲಾ. ಗ್ವಾಡಿಗುಂಟ ಹೊಂಟ ಸಪ್ಪಳದ ಕತಿನೂ ಇಷ್ಟ. ನೆಟ್ಟಗ ಹೋಗತೈತಿ, ಗ್ವಾಡಿಗೆ ಸವರಿದಂಗ ಬಡದು ತುಸು ತಿರುಗತೈತಿ, ಮತ್ತ ತುಸು ಮುಂದ ಹೋಗಿ ಮತ್ತ ಸವರತೈತಿ, ಹಿಂಗ ಸಣ್ಣ ಸಣ್ಣ ಜಿಗತದಾಗ ಪೂರಾ ಸುತ್ತು ಬರತೈತಿ, ಗ್ವಾಡಿಯಿಂದ ದೂರ ಹೋಗಂಗಿಲ್ಲಾ.

ಇದರಿಂದ ಆಗೂ ಲಾಭ ಎಷ್ಟು ನೋಡ್ರಿ. ಬಯಲಾಗ ನಿಂತು ಮಾತಾಡಿದ್ರ ಸಪ್ಪಳ ಎಲ್ಲಾ ದಿಕ್ಕಿಗೂ ಹರಡತೈತಿ, ದೂರ ಎರಡು ಪಟ್ಟು ಆದ್ರ ಬಲ ನಾಲ್ಕು ಪಟ್ಟು ಕಡಿಮಿ ಆಗತೈತಿ. ಒಂದು ಮೀಟರ್ ದೂರದಾಗ ಇದ್ದ ಬಲ 38 ಮೀಟರಿಗೆ ಹೋಗೂದ್ರೊಳಗ ಸಾವಿರದ ನಾಲ್ಕನೂರು ಪಟ್ಟಿಗಿಂತ ಹೆಚ್ಚು ಕಡಿಮಿ, ಪಿಸುಮಾತು ಅಲ್ಲಿಗೆ ಸತ್ತಂಗ. ಗ್ವಾಡಿಗೆ ಅಂಟಿ ಹೊಂಟ ಸಪ್ಪಳಕ್ಕ ಒಂದು ದಿಕ್ಕಿನ್ಯಾಗ ಹರಡಾಕ ಜಾಗಾನ ಇಲ್ಲಾ, ಅದಕ್ಕ ದೂರ ಎರಡು ಪಟ್ಟು ಆದ್ರ ಬಲ ಬರೇ ಎರಡು ಪಟ್ಟು ಕಡಿಮಿ. ಗುಮ್ಮಟದ ಅರ್ಧ ಸುತ್ತು ಅಂದ್ರ ಸುಮಾರು 60 ಮೀಟರ್, ದಾರಿ ಉದ್ದ ಆತು, 0.11 ಸೆಕೆಂಡಿನ ಬದಲಿಗೆ 0.17 ಸೆಕೆಂಡು ಹಿಡಿತು, ಆದ್ರ ಬಲ ಕಡಿಮಿ ಆಗಿದ್ದು ಅರವತ್ತು ಪಟ್ಟಿನ ಆಸುಪಾಸು ಅಷ್ಟ. ಸುತ್ತಿ ಬಂದ ಸಪ್ಪಳ ನೆಟ್ಟಗ ಬಂದ ಸಪ್ಪಳಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಜೋರ. ಇದು ಒರಟು ಲೆಕ್ಕ ಖರೇ, ಗಚ್ಚು ಕುಡಿದಿದ್ದು, ಗಾಳಿ ಕುಡಿದಿದ್ದು, ಬಾಗಲಾದಾಗ ಹೊರಗ ಹೋಗಿದ್ದು ಹಿಡಿದಿಲ್ಲಾ, ಆದ್ರ ವಿಷಯದ ಮುಖ್ಯ ಭಾಗ ಇದರಾಗ ಬಂತು. ಇಷ್ಟರ ಮ್ಯಾಲ ನಮ್ಮ ಗ್ವಾಡಿ ಮ್ಯಾಲ ಹೋದಂಗ ಒಳಗ ಬಾಗತೈತಿ, ಹಿಂಗಾಗಿ ಮ್ಯಾಲ ಹೊಂಟ ಸಪ್ಪಳನೂ ತಪ್ಪಿಸಿಕೊಳ್ಳದ ಗುಮ್ಮಟ ಹಿಡಕೊಂಡು ಎದುರಿನ ಬದಿಗೆ ಇಳಿತೈತಿ, ಆ ಮಟ್ಟಿಗೆ ಏರಿ ಅವರ ಮಾತಿನ್ಯಾಗೂ ತುಸು ಹುರುಳು ಐತಿ.

ರೇಲೀ ಬರೇ ಕಾಗದದ ಮ್ಯಾಲ ಲೆಕ್ಕ ಮಾಡಿ ಬಿಡಲಿಲ್ಲಾ, ಲ್ಯಾಬಿನ್ಯಾಗ ಸಣ್ಣ ಗ್ಯಾಲರಿನ ಮಾಡಿದ್ರು. ಉದ್ದಕ ಒಂದು ಜಸ್ತದ ತಗಡು, ಅದನ್ನ ಅರ್ಧ ವೃತ್ತ ಬಾಗಿಸಿ ನಿಲ್ಲಿಸಿದ್ರು. ಒಂದು ತುದಿಗೆ ಹಕ್ಕಿಯಂಗ ಸಣ್ಣ ದನಿ ಊದೂ ಸೀಟಿ, ಇನ್ನೊಂದು ತುದಿಗೆ ಸಪ್ಪಳ ಬಂದ್ರ ಅಳ್ಳಾಡೂ ಸೂಕ್ಷ್ಮ ಗ್ಯಾಸಿನ ಉರಿ. ಸೀಟಿ ಊದಿದ್ರ ಉರಿ ಕುಣಿತಿತ್ತು. ಆಮ್ಯಾಲ ತಗಡಿನ ಒಳಮೈಗೆ ಹಚ್ಚಿ ಒಂದು ಸಣ್ಣ ಪಟ್ಟಿ ಅಡ್ಡ ಇಟ್ರು, ಅಗಲ ಏನೂ ಇಲ್ಲಾ, ಬರೇ ಗ್ವಾಡಿ ಹತ್ತಿರದ ತುಸು ಜಾಗಾ ಮುಚ್ಚೂವಷ್ಟು. ಉರಿ ಶಾಂತ ಆತು. ನಡುವಿನ ಬಯಲೆಲ್ಲಾ ತೆರದ ಐತಿ, ಆದ್ರೂ ಸಪ್ಪಳ ಹೋಗವಲ್ದು, ಅಂದ ಮ್ಯಾಲ ಅದು ಗ್ವಾಡಿಯ ಹಾದಿನ ಹಿಡದಿತ್ತು. 1910ರಾಗ ಇದರ ಗಣಿತ ಬರದ್ರು, 1914ರಾಗ ಇನ್ನಷ್ಟು ಬೆಳಸಿದ್ರು. ಇಷ್ಟು ಸಾದಾ ಸಾಮಾನಿನ್ಯಾಗ ಇಷ್ಟು ಸ್ವಚ್ಛ ಉತ್ತರ, ಇದನ್ನ ಓದಿದಾಗ ಖುಷಿಯಿಂದ ಎದ್ದು ಮನಿಯಾಗಿನವರಿಗೆಲ್ಲಾ ಓದಿ ಹೇಳೀನಿ.

ರೇಲೀ ಅವರ ಗಣಿತದಾಗ ಇನ್ನೊಂದು ಚಂದನ್ನ ವಿಷಯ ಐತಿ. ಗ್ವಾಡಿಗೆ ಅಂಟಿದ ಸಪ್ಪಳದ ಪದರ ಎಷ್ಟು ದಪ್ಪ ಇರತೈತಿ ಅನ್ನೂದು ಸಪ್ಪಳದ ಅಲಿಯ ಉದ್ದದ ಮ್ಯಾಲ ನಿಂತೈತಿ. ಅಲಿ ಸಣ್ಣದಿದ್ದಷ್ಟೂ ಪದರ ತೆಳ್ಳಗ, ಸಪ್ಪಳ ಗ್ವಾಡಿಗೆ ಇನ್ನಷ್ಟು ಬಿಗಿಯಾಗಿ ಅಂಟತೈತಿ. ಸೆಕೆಂಡಿಗೆ ಹೆಚ್ಚು ಸಲಾ ನಡಗೂ ಸಪ್ಪಳದ ಅಲಿ ಸಣ್ಣದು, ಕಡಿಮಿ ಸಲಾ ನಡಗೂ ದಪ್ಪ ದನಿಯ ಅಲಿ ಉದ್ದ. ಗೋಳಗುಮ್ಮಟದ ಅಳತಿ ಹಾಕಿ ನೋಡಿದ್ರ, ಸೆಕೆಂಡಿಗೆ 2000 ಸಲಾ ನಡಗೂ ಸಪ್ಪಳಕ್ಕ ಆ ಪದರ ಸುಮಾರು ಒಂದು ಒಂದೂವರೆ ಅಡಿ ಬರತೈತಿ, 100 ಸಲಾ ನಡಗೂ ಗಂಡಸರ ದಪ್ಪ ದನಿಗೆ ಐದಡಿ ದಾಟತೈತಿ. ಅಂದ್ರ ಗ್ವಾಡಿಗೆ ಕಿವಿ ಹಚ್ಚಿ ಕುಂತಾವಗ ಸಣ್ಣ ಅಲಿಯ ಸಪ್ಪಳ ಪೂರಾ ಸಿಗತೈತಿ, ದಪ್ಪ ಸಪ್ಪಳ ಅಗಲಕ್ಕ ಹರಡಿ ಹೋಗಿರತೈತಿ.

ಪಿಸುಮಾತು ಅಂದ್ರ ಏನು? ಗಂಟಲದಾಗಿನ ಧ್ವನಿ ತಂತು ನಡಗಂಗಿಲ್ಲಾ, ಬರೇ ಗಾಳಿಯ ಸುಯ್ ಅನ್ನೂ ಸಪ್ಪಳ, ಅದರಾಗ ದಪ್ಪ ದನಿ ಇಲ್ಲಾ, ಇರೂದೆಲ್ಲಾ ಸಣ್ಣ ಅಲಿನ. "ಸ", "ಶ", "ಚ" ಇಂಥಾ ಅಕ್ಷರ ಇದರಾಗ ಎದ್ದು ಕೇಳತಾವ. ಅಂದ ಮ್ಯಾಲ ಗ್ವಾಡಿಯ ಹಾದಿಗೆ ಹೇಳಿ ಮಾಡಿಸಿದ ಸಪ್ಪಳ ಅಂದ್ರ ಪಿಸುಮಾತ. ಗೈಡುಗಳು ಅಲ್ಲಿ ಬೆಂಕಿಕಡ್ಡಿ ಕೊರೂದು, ಕಾಗದ ಹರಿಯೂದು ತೋರಸತಾರ, ಅವೂ ಸಣ್ಣ ಅಲಿಯ ಸಪ್ಪಳನ. ತಲತಲಾಂತರದಿಂದ ಮಾಡಕೋತ ಬಂದು ಯಾವುದು ಛಲೋ ಕೇಳತೈತಿ ಅನ್ನೂದನ್ನ ಅವರು ಕೈಯಾಗ ಹಿಡದಾರ, ರೇಲೀ ಲೆಕ್ಕ ಅದನ್ನ ಕಾರಣದ ಸಮೇತ ಹೇಳತೈತಿ.

ಇಲ್ಲಿ ರಾಮನ್ ಬರತಾರ. 1921, ಅವರಿಗೆ 33 ತುಂಬಿರಲಿಲ್ಲಾ, ಕಲ್ಕತ್ತಾ ವಿಶ್ವವಿದ್ಯಾಲಯದಾಗ ಪ್ರೊಫೆಸರ್, ಮೊದಲ ಸಲಾ ವಿಲಾಯ್ತಿಗೆ ಹೋಗಿದ್ರು. ಅಲ್ಲಿತನಕ ಅವರ ಹೆಚ್ಚಿನ ಕೆಲಸ ಸಪ್ಪಳದ ಮ್ಯಾಲ ಇತ್ತು, ಪಿಟೀಲು, ವೀಣಾ, ಮೃದಂಗ, ತಬಲಾ. ತಬಲಾದ ನಡುವಿನ ಕರಿ ಲೇಪದಿಂದ ಚರ್ಮದ ವಾದ್ಯಕ್ಕೂ ತಂತಿ ವಾದ್ಯದಂಗ ಹೊಂದೂ ಸ್ವರ ಹೆಂಗ ಬರತಾವ ಅಂತ ತೋರಿಸಿದ್ದು ಅವರ. ಇಂಥಾ ಕಿವಿ ಇದ್ದಾವ ಸೇಂಟ್ ಪಾಲ್ಸ್‌ಗೆ ಹೋದ್ರ ಸುಮ್ಮನ ನೋಡಿ ಬರತಾರೇನು? ಸದರ್ಲ್ಯಾಂಡ್ ಅನ್ನೂವರ ಜೋಡಿ ಕೂಡಿ ಅಲ್ಲಿ ಪ್ರಯೋಗ ಮಾಡಿದ್ರು. ರೇಲೀ ಹೇಳಿದ್ದು ಬಹುತೇಕ ಸರಿ ಐತಿ, ಆದ್ರ ಪೂರ್ತಿ ಅಲ್ಲಾ ಅಂತ ಗೊತ್ತಾತು. ಸಪ್ಪಳದ ಬಲ ಗ್ವಾಡಿಯಿಂದ ಒಳಗ ಸರಿದಂಗ ಸುಮ್ಮನ ಇಳಕೋತ ಹೋಗಂಗಿಲ್ಲಾ, ಏರತೈತಿ, ಇಳಿತೈತಿ, ಮತ್ತ ಏರತೈತಿ, ಗ್ವಾಡಿಗುಂಟ ಹೋದ್ರೂ ಹಂಗ, ಜೋರ ಜಾಗಾ, ಮೆಲ್ಲನ ಜಾಗಾ ಪಾಳಿಲೆ ಬರತಾವ. ಅಲಿ ಅಲಿ ಕೂಡಿ ಒಂದನ್ನೊಂದು ಬಲ ಮಾಡೂದು, ಒಂದನ್ನೊಂದು ಕೊಲ್ಲೂದು, ಅದರ ಗುರುತು ಇದು.

ಊರಿಗೆ ಬಂದ ಮ್ಯಾಲ 1922ರಾಗ ಅವರು ಭಾರತದಾಗಿನ ಇಂಥಾ ಕಟ್ಟಡಗಳ ಬಗ್ಗೆ ಬರದ್ರು. ಪಟ್ನಾದ ಗೋಲ್‌ಘರ್, ಅದು 1786ರಾಗ ಬ್ರಿಟಿಷರು ಕಟ್ಟಿದ ಕಾಳಿನ ಕಣಜ, ಕಲ್ಕತ್ತಾದ ವಿಕ್ಟೋರಿಯಾ ಮೆಮೋರಿಯಲ್, ಮತ್ತ ನಮ್ಮ ಬಿಜಾಪುರದ ಗೋಳಗುಮ್ಮಟ. ಅಂದ್ರ ನಮ್ಮ ಊರಿನ ಗುಮ್ಮಟ ಭೌತಶಾಸ್ತ್ರದ ಬರವಣಿಗಿಯೊಳಗ ಬಂದು ನೂರು ವರ್ಷದ ಮ್ಯಾಲ ಆತು, ಅದೂ ರಾಮನ್ ಕೈಯಿಂದ. ಗುಮ್ಮಟದ ಮುಂದಿನ ನಗಾರಖಾನಿಯೊಳಗ ಮ್ಯೂಸಿಯಂ ಐತಿ, ಶಾಸನ, ಶಿಲ್ಪ, ಚಿತ್ರ ಎಲ್ಲಾ ಛಲೋ ಇಟ್ಟಾರ, ಅಲ್ಲಿ ರೇಲೀ ಅವರ ತಗಡಿನ ಪ್ರಯೋಗದ ಒಂದು ಮಾದರಿ, ರಾಮನ್ ಹೆಸರಿನ ಒಂದು ಫಲಕ ಇದ್ರ ನಮ್ಮ ಹುಡುಗರಿಗೆ ಎಷ್ಟು ಉಪಯೋಗ ಆಗತಿತ್ತು ಅಂತ ಮನಸು ಹೇಳತೈತಿ.

ಅದ ಪ್ರವಾಸದ ಇನ್ನೊಂದು ಕತಿ ಎಲ್ಲಾರಿಗೂ ಗೊತ್ತು, ಹಡಗದಾಗ ಹೊಳ್ಳಿ ಬರಬೇಕಾದ್ರ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ಅವರಿಗೆ ಪ್ರಶ್ನೆ ಹುಟ್ಟಿದ್ದು. ಸಮುದ್ರದ ನೀಲಿ ಅಂದ್ರ ಆಕಾಶದ ನೀಲಿಯ ಪ್ರತಿಬಿಂಬ ಅಂತ ಹೇಳಿದ್ದು ಯಾರು? ಅದ ರೇಲೀ. ಅದು ಸಾಲದು, ನೀರ ತಾನ ಬೆಳಕನ್ನ ಚದುರಸತೈತಿ ಅಂತ ರಾಮನ್ ತೋರಿಸಿದ್ರು, ಆ ಹಾದಿ ಹಿಡದು ಹೋಗಿ 1928ರ ಫೆಬ್ರವರಿ 28ಕ್ಕ ರಾಮನ್ ಪರಿಣಾಮ, 1930ಕ್ಕ ನೊಬೆಲ್. ಒಂದ ಪ್ರವಾಸ, ಒಬ್ಬರ ಹಿರಿಯ ವಿಜ್ಞಾನಿಯ ಎರಡು ಮಾತು, ಒಂದು ಸಪ್ಪಳದ್ದು, ಒಂದು ಬೆಳಕಿಂದು, ಎರಡನ್ನೂ ರಾಮನ್ ಪ್ರೀತಿಯಿಂದ ಓದಿ ಎರಡನ್ನೂ ಮುಂದ ಒಯ್ದಾರ. ನೀಲಿ ಸಮುದ್ರದ ಕತಿಯನ್ನ ಪಠ್ಯಪುಸ್ತಕ ಹೇಳತಾವ, ಗ್ಯಾಲರಿಯ ಕತಿ ಬಿಡತಾವ.

ಮತ್ತ ಗ್ಯಾಲರಿಯ ಕತಿ ಅಲ್ಲಿಗೆ ಮುಗಿಲಿಲ್ಲಾ, ಸಪ್ಪಳದಿಂದ ಬೆಳಕಿಗೆ ಜಿಗೀತು. ಬೆಳಕೂ ಅಲಿನ. ಸಣ್ಣ ಗಾಜಿನ ಗುಂಡು ತಗೋರಿ, ಕೂದಲದಷ್ಟ ದಪ್ಪಂದು. ಅದರೊಳಗ ಅಂಚಿಗುಂಟ ಬೆಳಕು ಬಿಟ್ರ ಹೊರಗ ಹೋಗಾಕ ಆಗಂಗಿಲ್ಲಾ, ಗಾಜಿನಿಂದ ಗಾಳಿಗೆ ಓರೆಯಾಗಿ ಬಂದ ಬೆಳಕು ಪೂರ್ತಿ ಒಳಗ ಹೊಳ್ಳತೈತಿ, ಆಪ್ಟಿಕಲ್ ಫೈಬರ್ ಕೇಬಲ್ಲಿನ್ಯಾಗ ನಮ್ಮ ಇಂಟರ್ನೆಟ್ ಹರಿಯೂದು ಇದ ನಿಯಮದ ಮ್ಯಾಲ. ಹಿಂಗಾಗಿ ಬೆಳಕು ಗುಂಡಿನ ಒಳ ಅಂಚು ಹಿಡಕೊಂಡು ಸುತ್ತತೈತಿ, ಲಕ್ಷ ಲಕ್ಷ ಸುತ್ತು. 1961ರಾಗ ಅಮೇರಿಕಾದ ಬೆಲ್ ಲ್ಯಾಬ್ಸ್ ಮಂದಿ ಇಂಥಾ ಸಣ್ಣ ಹರಳಿನ ಗುಂಡಿನಿಂದ ಲೇಸರ್ ಮಾಡಿದ್ರು, 1989ರಾಗ ಮಾಸ್ಕೋದ ಬ್ರಗಿನ್ಸ್ಕಿ ಮತ್ತ ಅವರ ಜೊತಿಗಾರರು ಕರಗಿಸಿದ ಗಾಜಿನ ಗುಂಡಿನ್ಯಾಗ ಬೆಳಕು ಎಷ್ಟೊತ್ತು ಉಳಿತೈತಿ ಅಂತ ತೋರಿಸಿದ ಮ್ಯಾಲ ಈ ಕ್ಷೇತ್ರ ಜೋರ ಬೆಳೀತು. ಇವತ್ತಿಗೂ ಇದರ ಹೆಸರು ಪಿಸುಮಾತಿನ ಗ್ಯಾಲರಿ ಅಂತನ ಐತಿ.

ವೈರಸ್ ಹಿಡಿಯೂದು ಹೆಂಗ ಅಂದ್ರ ಹಿಂಗ. ಸುತ್ತು ಹಾಕಿದ ಬೆಳಕು ಹೊಳ್ಳಿ ಸುರು ಆದ ಜಾಗಾಕ್ಕ ಬಂದಾಗ ಅಲಿಯ ತಲಿ ತಲಿಗೆ ಕೂಡಿದ್ರ ಬಲ ಬೆಳಿತೈತಿ, ಕೂಡಲಿಲ್ಲಂದ್ರ ತನ್ನನ್ನ ತಾನ ಅಳಸಿಕೊಳ್ಳತೈತಿ. ಅದಕ್ಕ ಸುತ್ತಳತಿಯೊಳಗ ಪೂರ್ಣ ಸಂಖ್ಯೆಯ ಅಲಿ ಹಿಡಿಯೂ ಬಣ್ಣದ ಬೆಳಕಷ್ಟ ಒಳಗ ನಿಲ್ಲತೈತಿ, ಆ ಬಣ್ಣ ಅತೀ ಖಚಿತ. ಈಗ ಗುಂಡಿನ ಮೈಮ್ಯಾಲ ಒಂದು ವೈರಸ್ ಬಂದು ಕುಂತ್ರ, ಬೆಳಕಿನ ಹಾದಿ ಅಲ್ಲಿ ಕೂದಲೆಳಿಯಷ್ಟಕ್ಕಿಂತ ಎಷ್ಟೋ ಕಡಿಮಿ ಉದ್ದ ಆಗತೈತಿ, ಆದ್ರ ಬೆಳಕು ಅದ ಜಾಗಾ ಲಕ್ಷಗಟ್ಟಲೆ ಸಲಾ ಹಾಯತೈತಿ, ಪ್ರತಿ ಸಲಾ ಆ ವ್ಯತ್ಯಾಸ ಕೂಡಕೋತ ಹೋಗತೈತಿ, ಕಡೀಕ ನಿಲ್ಲೂ ಬಣ್ಣನ ತುಸು ಸರದು ಬಿಡತೈತಿ, ಆ ಸರದಿದ್ದನ್ನ ಅಳಿಬಹುದು. 2002ರಾಗ ಫ್ರಾಂಕ್ ವೋಲ್ಮರ್ ಮತ್ತ ಸಂಗಡಿಗರು ಹಿಂಗ ಪ್ರೋಟೀನ್ ಗುರುತಿಸಿದ್ರು, 2008ರಾಗ ಇನ್‌ಫ್ಲುಯೆಂಜಾ ವೈರಸ್ ಒಂದೊಂದ ಬಂದು ಕೂಡೂದನ್ನ ನೋಡಿದ್ರು, ಯಾವ ಬಣ್ಣ ಹಚ್ಚದ, ಯಾವ ಗುರುತು ಮಾಡದ.

ಅಷ್ಟಕ್ಕ ನಿಂತಿಲ್ಲಾ. 2010ರ ಹೊತ್ತಿಗೆ ಫ್ರಾನ್ಸಿನ ಗ್ರೆನೋಬಲ್‌ದಾಗ ಬಾಗಿದ ಸಿಲಿಕಾನ್ ಕನ್ನಡಿಗುಂಟ ನ್ಯೂಟ್ರಾನ್‌ಗಳು ಹಿಂಗ ಅಂಟಿ ಹೋಗೂದನ್ನ ಕಂಡ್ರು, 2015ರಾಗ ಗ್ರಾಫೀನ್, ಅಂದ್ರ ಒಂದ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳಿ ಮ್ಯಾಲ ಎಲೆಕ್ಟ್ರಾನ್‌ಗಳು ದುಂಡಗಿನ ಬೇಲಿಯೊಳಗ ಸುತ್ತೂದನ್ನ ಅಮೇರಿಕಾದವರು ಕಂಡ್ರು. ಎಲ್ಲಾಕ್ಕಿಂತ ದೊಡ್ಡ ಗ್ಯಾಲರಿ ನಮ್ಮ ಕಾಲ ಕೆಳಗ ಐತಿ. ಭೂಮಿಯ ನಡುವಿನ ಕಬ್ಬಿಣದ ಗರ್ಭ, ಸುಮಾರು 3480 ಕಿಲೋಮೀಟರ್ ತ್ರಿಜ್ಯ, ಅದರ ಹೊರಭಾಗ ಕರಗಿದ್ದು, ದೊಡ್ಡ ಭೂಕಂಪ ಆದಾಗ ಕೆಲವು ಅಲಿಗಳು ಆ ಗರ್ಭದ ಒಳಗ ಇಳದು, ಅದರ ಮ್ಯಾಲಿನ ಅಂಚಿಗೆ ಒಳಗಿನಿಂದ ಸವರಕೋತ ಜಿಗಕೋತ ಹೋಗಿ ಇನ್ನೊಂದು ಬದಿಗೆ ಏಳತಾವ, ಗರ್ಭದ ಮೇಲ್ಪದರ ಹೆಂಗೈತಿ ಅಂತ ಭೂಕಂಪ ಶಾಸ್ತ್ರಜ್ಞರು ತಿಳಕೊಳ್ಳೂದು ಆ ಅಲಿಗಳಿಂದ. ಅಲ್ಲಿಗೆ ಯಾರೂ ಹೋಗಾಕ ಆಗಂಗಿಲ್ಲಾ, ಅಂಥಾದ್ದರ ಮಾತು ಈ ಹಾದಿ ಹಿಡದು ಬರತೈತಿ.

ಈಗ ಹೊಳ್ಳಿ ಊರಿಗೆ ಬರೂಣು. ಇಷ್ಟೆಲ್ಲಾದರ ದೊಡ್ಡ ರೂಪ, ಮನಷ್ಯಾ ಒಳಗ ಕುಂತು ಕಿವಿಯಿಂದ ಕೇಳೂ ರೂಪ ನಮ್ಮಲ್ಲಿ ಐತಿ, ದಖ್ಖನ್ನಿನ ಸುಲ್ತಾನರ ಸ್ಮಾರಕಗಳ ಜೋಡಿ 2014ರಿಂದ ಯುನೆಸ್ಕೋದ ಸಂಭಾವ್ಯ ಪಟ್ಟಿಯೊಳಗೂ ಐತಿ. ಆದ್ರ ರಜಾ ದಿನಾ ಮಧ್ಯಾಹ್ನ ಹೋದ್ರ ಪಿಸುಮಾತು ಕೇಳೂದು ಸಾಧ್ಯನ ಇಲ್ಲಾ, ಒದರಿದ್ದು ಸಾಯೂದ್ರೊಳಗ ಇನ್ನೊಬ್ಬರು ಒದರಿರತಾರ. ಬೆಳಿಗ್ಗೆ ಮೊದಲಿನ ಒಂದು ತಾಸು ಗ್ಯಾಲರಿಯೊಳಗ ಯಾರೂ ಒದರಬಾರದು ಅಂತ ನಿಯಮ ಮಾಡಬೇಕು ಅನ್ನೂದು ನನ್ನ ಗಟ್ಟಿ ಅಭಿಪ್ರಾಯ, ಅದಕ್ಕ ರೊಕ್ಕ ಬೇಕಾಗಿಲ್ಲಾ, ಒಂದು ಫಲಕ ಮತ್ತ ನಿಂತು ಹೇಳೂವ ಒಬ್ಬ ಮನಷ್ಯಾ ಸಾಕು.

ಅಲ್ಲಿತನಕ ನಾವ ಮಾಡಬೇಕು. ವಾರದ ನಡುವ, ಬೆಳಿಗ್ಗೆ ಬಾಗಲಾ ತಗದ ಕೂಡಲೇ ಹೋಗ್ರಿ, ನಾಲ್ಕು ಮಂದಿ ಹೋದ್ರ ಇನ್ನೂ ಛಲೋ. ಇಬ್ಬರು ಎದುರಾ ಬದರಾ ಗ್ವಾಡಿಗೆ ಬೆನ್ನ ಹಚ್ಚಿ ಕುಂಡರ್ರಿ. ಮಾತಾಡಾವರು ನಡುವಿನ ಬಯಲಿಗೆ ಮಾರಿ ಮಾಡಬ್ಯಾಡ್ರಿ, ತಲಿ ಒಂದು ಬದಿಗೆ ತಿರುವಿ ಗ್ವಾಡಿಗುಂಟ ಮಾತು ಬಿಡ್ರಿ, ಗಂಟಲಾ ಹಚ್ಚಬ್ಯಾಡ್ರಿ, ಬರೇ ಉಸರಿನ್ಯಾಗ. "ಸಿದ್ಧೇಶ್ವರ ಜಾತ್ರಿ ಯಾವಾಗ" ಅಂತ ಕೇಳ್ರಿ, "ಸ" "ಶ" ಇದ್ದ ಮಾತು ಲಗು ಮುಟ್ಟತಾವ. ಆಮ್ಯಾಲ ಅದ ಮಾತು ದಪ್ಪ ದನಿಯೊಳಗ ಮೆಲ್ಲಕ ಆಡಿ ಎರಡಕ್ಕೂ ಇರೂ ಫರಕ್ ನೋಡ್ರಿ. ಕೇಳೂವರು ಗ್ವಾಡಿ ಬಿಟ್ಟು ಒಂದೊಂದ ಹೆಜ್ಜಿ ಒಳಗ ಸರದು ನೋಡ್ರಿ, ಎಲ್ಲಿ ಕಡಿಮಿ ಆತು, ಎಲ್ಲಿ ಮತ್ತ ಹೆಚ್ಚಾತು ಅಂತ ಫೋನಿನ ರೆಕಾರ್ಡರ್ ಇಟ್ಟು ಗುರುತು ಮಾಡ್ರಿ, ರಾಮನ್ ಕಂಡ ಏರಿಳಿತ ಅದ. ಕಡೀಕ ಉಳಿದ ಇಬ್ಬರು, ಇಬ್ಬರ ನಡುವಿನ ಎರಡೂ ಅರ್ಧ ಸುತ್ತಿನ್ಯಾಗ ಒಬ್ಬೊಬ್ಬರು ಗ್ವಾಡಿಗೆ ಮೈ ಹಚ್ಚಿ ನಿಲ್ಲರ್ರಿ, ನಡುವಿನ ಬಯಲು ಪೂರಾ ಖಾಲಿ ಬಿಟ್ಟು. ರೇಲೀ ತಗಡಿನ್ಯಾಗ ಅಡ್ಡ ಇಟ್ಟ ಪಟ್ಟಿಯ ಕೆಲಸ ಈ ಇಬ್ಬರ ಮೈ ಮಾಡಬೇಕು, ಪಿಸುಮಾತು ತಗ್ಗಬೇಕು. ಒಬ್ಬರನ್ನ ಸರಿಸಿದ್ರ ಆ ಕಡಿಂದ ಹೊಳ್ಳಿ ಬರಬೇಕು.